ಕಚೇರಿಯ ಡಿಎಚ್‌ಸಿಪಿ ಸರ್ವರ್ ಬದಲಿಸುವುದು ಹೇಗೆ: ಎಂಟು ದಿನದ ಲೀಸ್, ಒಂದು ಭಾನುವಾರದ ಕೆಲಸ

ಬೆಳಗಾವಿಯ ಉದ್ಯಮಬಾಗದಲ್ಲಿ ಎರಕದ ಕಾರ್ಖಾನೆಯೊಂದರ ಕಚೇರಿ. ಮೆಟ್ಟಿಲ ಕೆಳಗಿನ ಕೋಣೆಯಲ್ಲಿ ಒಂದು ಹಳೆಯ ಡೆಸ್ಕ್‌ಟಾಪ್. ಮಾನಿಟರ್ ಇಲ್ಲ, ಕೀಬೋರ್ಡ್ ಇಲ್ಲ, ಮೈಮೇಲೆಲ್ಲ ಮರಳಿನ ಕಪ್ಪು ಧೂಳು. ‘ಬಂದ್ ಮಾಡಬೇಡಿ’ ಎಂದು ಕನ್ನಡದಲ್ಲೂ ಮರಾಠಿಯಲ್ಲೂ ಬರೆದ ಚೀಟಿಯೊಂದನ್ನು ಅಂಟಿಸಿದ್ದರು. ಹತ್ತು ವರ್ಷದ ಹಿಂದೆ ಯಾರೋ ಕೂರಿಸಿ ಹೋದ ಪೆಟ್ಟಿಗೆ ಅದು. 86 ಸಾಧನಗಳಿರುವ ಆ ಕಚೇರಿಯಲ್ಲಿ ಐಪಿ ವಿಳಾಸ, ಅಂದರೆ ನೆಟ್‌ವರ್ಕಿನಲ್ಲಿ ಸಾಧನವನ್ನು ಗುರುತಿಸುವ ಸಂಖ್ಯೆ, ಹಂಚುತ್ತಿದ್ದದ್ದು ಅದೇ; ಈ ಕೆಲಸ ಮಾಡುವುದನ್ನೇ ಡಿಎಚ್‌ಸಿಪಿ ಸರ್ವರ್ ಎನ್ನುತ್ತಾರೆ. ಫ್ಯಾನ್ ಕರಕರ ಎನ್ನತೊಡಗಿದಾಗ ಮಾಲೀಕರು ನನ್ನನ್ನು ಕರೆಸಿ, ‘ಇದನ್ನು ಬದಲಿಸಲು ಎಷ್ಟು ಹೊತ್ತು ಬೇಕು?’ ಎಂದು ಕೇಳಿದರು. ‘ಅರ್ಧ ಗಂಟೆ. ಆದರೆ ಎರಡು ವಾರ ಮೊದಲೇ ಕೆಲಸ ಶುರು ಮಾಡಬೇಕು ಸರ್’ ಎಂದೆ. ಅವರಿಗೆ ಅದು ಬಿಲ್ ಏರಿಸುವ ಮಾತಿನಂತೆ ಕೇಳಿಸಿರಬೇಕು.

ಆ ಎರಡು ವಾರ ಏಕೆ ಬೇಕು, ಅರ್ಧ ಗಂಟೆಯಲ್ಲಿ ಏನು ಮಾಡಬೇಕು ಎಂಬುದನ್ನು ಆ ಕಚೇರಿಯನ್ನೇ ಎದುರಿಗಿಟ್ಟುಕೊಂಡು ಬರೆದಿದ್ದೇನೆ. ಹಳೆಯದು ಲಿನಕ್ಸ್ ಮೇಲಿನ ಐಎಸ್‌ಸಿ ಡಿಎಚ್‌ಸಿಪಿ ಎಂಬ ತಂತ್ರಾಂಶ, ಹೊಸದು ಡೆಬಿಯನ್ ಎಂಬ ಲಿನಕ್ಸ್ ಮೇಲಿನ ಕಿಯಾ ಎಂಬ ತಂತ್ರಾಂಶ. ನಿಮ್ಮಲ್ಲಿ ಬೇರೆ ತಂತ್ರಾಂಶ ಇದ್ದರೂ ಕ್ರಮ ಇದೇ. ಆದೇಶಗಳ ಹೆಸರನ್ನು ಓದಲು ಸಲೀಸಾಗಲಿ ಎಂದು ಕನ್ನಡ ಲಿಪಿಯಲ್ಲಿ ಕೊಟ್ಟಿದ್ದೇನೆ. ಯಂತ್ರಕ್ಕೆ ಕೊಡುವಾಗ ಇಂಗ್ಲಿಷ್ ಅಕ್ಷರಗಳಲ್ಲೇ ಹೊಡೆಯಬೇಕು.

ಮೊದಲು ಲೀಸಿನ ಲೆಕ್ಕ

ಡಿಎಚ್‌ಸಿಪಿ ಸರ್ವರ್ ವಿಳಾಸವನ್ನು ದಾನ ಕೊಡುವುದಿಲ್ಲ, ಲೀಸಿಗೆ ಕೊಡುತ್ತದೆ. ನಮ್ಮ ಕಡೆ ಹೊಲವನ್ನು ಲಾವಣಿಗೆ ಹಾಕಿದ ಹಾಗೆ: ಹೊಲ ಒಡೆಯನದೇ, ಉಳುವವನಿಗೆ ಅವಧಿಯ ಹಕ್ಕು ಮಾತ್ರ. ಕಂಪ್ಯೂಟರ್ ಚಾಲೂ ಆದಾಗ ‘ಇಲ್ಲಿ ವಿಳಾಸ ಕೊಡುವವರು ಯಾರಾದರೂ ಇದ್ದೀರಾ?’ ಎಂದು ಇಡೀ ನೆಟ್‌ವರ್ಕಿಗೆ ಕೂಗಿ ಕೇಳುತ್ತದೆ. ಸರ್ವರ್ ಒಂದು ವಿಳಾಸವನ್ನು ಮುಂದಿಡುತ್ತದೆ, ಕಂಪ್ಯೂಟರ್ ‘ಅದನ್ನೇ ಕೊಡಿ’ ಎನ್ನುತ್ತದೆ, ಸರ್ವರ್ ಒಪ್ಪಿಗೆ ಕೊಡುತ್ತದೆ. ಈ ನಾಲ್ಕು ಮಾತು ನಡೆಯುವುದು ಯುಡಿಪಿ 67 ಮತ್ತು 68ನೇ ಪೋರ್ಟುಗಳಲ್ಲಿ. 1997ರಲ್ಲಿ ಬಂದ ಆರ್‌ಎಫ್‌ಸಿ 2131 ಎಂಬ ಅಂತರಜಾಲ ನಿಯಮದ ದಾಖಲೆಯಲ್ಲಿ ಇದೆಲ್ಲ ಬರೆದಿದೆ, ಇವತ್ತಿಗೂ ಹಾಗೆಯೇ ನಡೆಯುತ್ತಿದೆ.

ಸರ್ವರ್ ಬದಲಿಸುವ ಕೆಲಸಕ್ಕೆ ಮುಖ್ಯವಾದದ್ದು ಆಮೇಲೆ ಏನಾಗುತ್ತದೆ ಎಂಬುದು. ಲೀಸಿನ ಅರ್ಧ ಅವಧಿ ಕಳೆದಾಗ ಕಂಪ್ಯೂಟರ್ ತನಗೆ ವಿಳಾಸ ಕೊಟ್ಟ ಸರ್ವರ್ ಒಂದನ್ನೇ ನೇರವಾಗಿ ಕೇಳುತ್ತದೆ: ‘ಮುಂದುವರಿಸಲೇ?’ ಉತ್ತರ ಬಾರದಿದ್ದರೆ ಆಗಾಗ ಮತ್ತೆ ಕೇಳುತ್ತಿರುತ್ತದೆ, ಬೇರೆಯವರನ್ನು ಮಾತ್ರ ಕೇಳುವುದಿಲ್ಲ. ಅವಧಿಯ 87.5 ಶೇಕಡಾ ಕಳೆದ ಮೇಲೆ, ಇನ್ನು ಹಳೆಯ ಒಡೆಯ ಸಿಗುವುದಿಲ್ಲ ಎಂದು ಗೊತ್ತಾಗಿ, ಎಲ್ಲರಿಗೂ ಕೇಳಿಸುವಂತೆ ಕೂಗುತ್ತದೆ. ಹೊಸ ಸರ್ವರ್‌ಗೆ ಮಾತನಾಡುವ ಅವಕಾಶ ಸಿಗುವುದು ಆಗ.

ಈ ಕಚೇರಿಯಲ್ಲಿ ಲೀಸ್ 691200 ಸೆಕೆಂಡು, ಅಂದರೆ 8 ದಿನ. ಸೋಮವಾರ ಬೆಳಿಗ್ಗೆ ವಿಳಾಸ ಪಡೆದ ಯಂತ್ರ ಶುಕ್ರವಾರ ಹಳೆಯ ಸರ್ವರನ್ನು ಕೇಳುತ್ತದೆ, ಹೊಸದನ್ನು ಕೇಳುವುದು ಮುಂದಿನ ಸೋಮವಾರ. ತಯಾರಿ ಇಲ್ಲದೆ ಭಾನುವಾರ ಸರ್ವರ್ ಬದಲಿಸಿದರೆ ತೊಂದರೆ ಭಾನುವಾರ ಕಾಣುವುದಿಲ್ಲ. ವಾರವಿಡೀ ಒಂದೊಂದಾಗಿ, ಒಂದು ಮಧ್ಯಾಹ್ನ ಖರೀದಿ ವಿಭಾಗದಲ್ಲಿ, ಇನ್ನೊಂದು ಬೆಳಿಗ್ಗೆ ಸ್ಟೋರ್‌ನಲ್ಲಿ ಕಾಣಿಸಿಕೊಳ್ಳುತ್ತದೆ. ಅಷ್ಟು ಹೊತ್ತಿಗೆ ಸರ್ವರ್ ಬದಲಿಸಿದ್ದು ಎಲ್ಲರಿಗೂ ಮರೆತಿರುತ್ತದೆ, ಬೈಗುಳ ಮಾತ್ರ ನಿಮ್ಮ ಪಾಲಿಗೆ ಬರುತ್ತದೆ.

ನಿಜಕ್ಕೂ ಬದಲಿಸಬೇಕೇ?

ಐಎಸ್‌ಸಿ ಸಂಸ್ಥೆ ತನ್ನ ಹಳೆಯ ಡಿಎಚ್‌ಸಿಪಿ ಸರ್ವರ್‌ನ ನಿರ್ವಹಣೆಯನ್ನು 2022ರಲ್ಲಿ ಕೊನೆಗೊಳಿಸಿತು. ಅದರ ಜಾಗಕ್ಕೆ ಅವರದೇ ಕಿಯಾ ಇದೆ. ಯಂತ್ರವೂ ಹಳೆಯದು, ತಂತ್ರಾಂಶವೂ ನಿಂತದ್ದು, ಹಾಗಾಗಿ ಇಲ್ಲಿ ಪ್ರಶ್ನೆ ಇರಲಿಲ್ಲ. ಆದರೆ ಹತ್ತು ಹದಿನೈದು ಸಾಧನಗಳ ಕಚೇರಿಗೆ ಪ್ರತ್ಯೇಕ ಸರ್ವರ್ ಬೇಕಿಲ್ಲ. ರೂಟರಿನಲ್ಲಿರುವ ಡಿಎಚ್‌ಸಿಪಿ ಸಾಕು. ಖಡೇಬಜಾರಿನ ಬಟ್ಟೆ ಅಂಗಡಿಗೆ ಸರ್ವರ್ ರ‍್ಯಾಕ್ ಮಾರುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ವಹಿ ಬರೆಯುವ ವಾರ

ಮೊದಲ ವಾರ ಯಾವುದನ್ನೂ ಮುಟ್ಟಬೇಡಿ, ಬರೆಯಿರಿ. ಪ್ರತಿ ಸಾಧನಕ್ಕೆ ಒಂದು ಸಾಲು: ಐಪಿ ವಿಳಾಸ, ಮ್ಯಾಕ್ ವಿಳಾಸ (ತಯಾರಕರೇ ಸಾಧನಕ್ಕೆ ಕೊಟ್ಟ ಗುರುತು), ಎಲ್ಲಿದೆ, ಯಾರ ಕೈಯಲ್ಲಿದೆ, ವಿಳಾಸ ಸರ್ವರ್ ಕೊಟ್ಟದ್ದೋ ಅಥವಾ ಸಾಧನದೊಳಗೇ ಕೈಯಿಂದ ತುಂಬಿದ್ದೋ. ಕೊನೆಯ ಕಾಲಂ ಎಲ್ಲಕ್ಕಿಂತ ಮುಖ್ಯ, ಏಕೆ ಎಂದು ಹೇಳುತ್ತೇನೆ.

ಮೊದಲು ಹಳೆಯ ಸರ್ವರಿನ ಲೀಸ್ ಕಡತವನ್ನು ತೆರೆಯಿರಿ. ಪ್ರತಿ ವಿಳಾಸಕ್ಕೆ ಒಂದು ತುಂಡು: ಯಾವಾಗ ಶುರು, ಯಾವಾಗ ಕೊನೆ, ಮ್ಯಾಕ್ ಯಾವುದು. ಅಲ್ಲಿರುವ ವೇಳೆ ನಮ್ಮದಲ್ಲ, ಯುಟಿಸಿ ಎಂಬ ವಿಶ್ವ ವೇಳೆ. ಐದೂವರೆ ಗಂಟೆ ಕೂಡಿಸಿ ಓದಬೇಕು. ‘ಬೆಳಗಿನ ಜಾವ 4 ಗಂಟೆಗೆ ಅಕೌಂಟ್ಸ್ ಕಂಪ್ಯೂಟರ್ ಯಾರು ಚಾಲೂ ಮಾಡಿದರು?’ ಎಂದು ನಾನೊಮ್ಮೆ ಕಾವಲುಗಾರರನ್ನು ವಿಚಾರಿಸಿ ನಗೆಪಾಟಲಾಗಿದ್ದೇನೆ. ಅದು ಬೆಳಿಗ್ಗೆ ಒಂಬತ್ತೂವರೆಯ ನಮೂದು.

ಇನ್ನೊಂದು ಸೂಕ್ಷ್ಮ: ಹಳೆಯ ಐಎಸ್‌ಸಿ ಸರ್ವರ್‌ನಲ್ಲಿ ಮ್ಯಾಕ್ ನೋಡಿ ಕಾಯ್ದಿಟ್ಟ ವಿಳಾಸಗಳು ಲೀಸ್ ಕಡತಕ್ಕೆ ಬರುವುದೇ ಇಲ್ಲ. ಅವನ್ನು ಸಂರಚನಾ ಕಡತದಿಂದ ಎತ್ತಿಕೊಳ್ಳಬೇಕು. ಕೈಯಿಂದ ತುಂಬಿದ ವಿಳಾಸಗಳು ಎರಡರಲ್ಲೂ ಇರುವುದಿಲ್ಲ. ಅವಕ್ಕೆ ನೆಟ್‌ವರ್ಕಿನ ಸಾಧನಗಳನ್ನು ಹುಡುಕುವ ಎನ್‌ಮ್ಯಾಪ್ ತಂತ್ರಾಂಶದ ‘ಎಸ್‌ಎನ್’ ಆಯ್ಕೆಯನ್ನು ರೂಟ್ ಅಧಿಕಾರದಲ್ಲಿ ಓಡಿಸಿ. ಅದೇ ನೆಟ್‌ವರ್ಕಿನೊಳಗಿಂದ ಓಡಿಸಿದರೆ ಅದು ಎಆರ್‌ಪಿ ಮೂಲಕ, ಅಂದರೆ ‘ಈ ಐಪಿ ಯಾರದು, ಮ್ಯಾಕ್ ಹೇಳಿ’ ಎಂದು ಕೇಳಿ, ಹುಡುಕುತ್ತದೆ. ‘ಇದ್ದೀಯಾ?’ ಎಂದು ಕೇಳುವ ಪಿಂಗ್‌ಗೆ ಉತ್ತರಿಸದ ವಿಂಡೋಸ್ ಯಂತ್ರಗಳೂ ಸಿಕ್ಕಿಬೀಳುತ್ತವೆ. ಬೆಳಿಗ್ಗೆ ಒಮ್ಮೆ, ಮಧ್ಯಾಹ್ನ ಒಮ್ಮೆ, ರಾತ್ರಿ ಪಾಳಿಯಲ್ಲಿ ಒಮ್ಮೆ ಓಡಿಸಿ. ಮೂರನ್ನೂ ಹೋಲಿಸಿ.

ಅಷ್ಟಾದರೂ ಎದ್ದು ಒಂದು ಸುತ್ತು ಓಡಾಡಲೇಬೇಕು. ಹಿಂದೊಮ್ಮೆ ಬೇರೊಂದು ಕಡೆ ನಾನು ಓಡಾಡಲಿಲ್ಲ. ಗೇಟಿನ ಪಕ್ಕದ ವೇಬ್ರಿಜ್ ಕಂಪ್ಯೂಟರಿಗೆ ಯಾರೋ ಕೈಯಿಂದ 192.168.10.112 ಎಂದು ತುಂಬಿದ್ದರು. ಆ ವಿಳಾಸ ಸರ್ವರ್ ಹಂಚುವ ಪಟ್ಟಿಯ ನಡುವೆಯೇ ಇತ್ತು. ಹಳೆಯ ಸರ್ವರ್ ವಿಳಾಸ ಕೊಡುವ ಮುನ್ನ ಒಮ್ಮೆ ಪಿಂಗ್ ಮಾಡಿ ನೋಡುತ್ತಿತ್ತು, ವೇಬ್ರಿಜ್ ಉತ್ತರಿಸುತ್ತಿತ್ತು, ಅದನ್ನು ಬಿಟ್ಟು ಮುಂದಿನದನ್ನು ಕೊಡುತ್ತಿತ್ತು. ವರ್ಷಗಟ್ಟಲೆ ತಪ್ಪು ಮುಚ್ಚಿಹೋಗಿತ್ತು. ನಾನು ಹಾಕಿದ ಹೊಸ ಸರ್ವರ್‌ಗೆ ಆ ಅಭ್ಯಾಸ ಇರಲಿಲ್ಲ. ಸೋಮವಾರ ಒಂಬತ್ತಕ್ಕೆ ಲೆಕ್ಕಪತ್ರದ ಲ್ಯಾಪ್‌ಟಾಪಿಗೆ ಅದೇ 112 ಹೋಯಿತು. ಹತ್ತು ನಿಮಿಷದಲ್ಲಿ ಗೇಟಿನ ಕಾಕಾ ಓಡಿಬಂದು, ‘ಸಾಹೇಬರೇ, ತೂಕದ ಚೀಟಿ ಬರುತ್ತಿಲ್ಲ, ಮೂರು ಲಾರಿ ನಿಂತಿವೆ’ ಎಂದರು. ಲ್ಯಾಪ್‌ಟಾಪ್ ಆರಿಸಿದರೆ ಚೀಟಿ ಬರುತ್ತದೆ, ಹಚ್ಚಿದರೆ ನಿಲ್ಲುತ್ತದೆ. ಇದನ್ನು ಅರ್ಥ ಮಾಡಿಕೊಳ್ಳಲು ನನಗೆ ಒಂದೂಕಾಲು ಗಂಟೆ ಬೇಕಾಯಿತು.

ಹಾಗಾಗಿ ಕೈಯಿಂದ ತುಂಬಿದ್ದು ಯಾವುದು ಎಂದು ಒಂದೊಂದನ್ನೂ ನೋಡಿ. ಸಾಮಾನ್ಯವಾಗಿ ಸಿಕ್ಕಿಬೀಳುವವು: ಬೆರಳು ಒತ್ತುವ ಹಾಜರಿ ಯಂತ್ರ, ಕ್ಯಾಮೆರಾಗಳು ಮತ್ತು ಅವುಗಳ ರೆಕಾರ್ಡರ್, ಪ್ರಿಂಟರ್, ಟ್ಯಾಲಿ ಇರುವ ಕಂಪ್ಯೂಟರ್, ಸಿಎನ್‌ಸಿ ಯಂತ್ರಗಳಿಗೆ ಪ್ರೋಗ್ರಾಂ ಕಳಿಸುವ ಪಿಸಿ, ಮತ್ತು ವೈರುಗಳನ್ನೆಲ್ಲ ಕೂಡಿಸುವ ನೆಟ್‌ವರ್ಕ್ ಸ್ವಿಚ್ಚುಗಳೇ. ಉದ್ಯಮಬಾಗದ ಕಚೇರಿಯಲ್ಲಿ 86ರಲ್ಲಿ 34 ಇಂಥವು ಸಿಕ್ಕವು.

ಪ್ರಿಂಟರ್‌ಗಳ ಬಗ್ಗೆ ಒಂದು ಮಾತು. ವಿಂಡೋಸ್‌ನಲ್ಲಿ ಪ್ರಿಂಟರ್ ಸೇರಿಸುವಾಗ ಬಹಳ ಸಲ ಐಪಿ ವಿಳಾಸವನ್ನೇ ಪೋರ್ಟಾಗಿ ಕೊಟ್ಟಿರುತ್ತಾರೆ. ಪ್ರಿಂಟರಿಗೆ ಹೊಸ ವಿಳಾಸ ಸಿಕ್ಕರೆ ಅದು ನೆಟ್‌ವರ್ಕಿನಲ್ಲಿ ಆರೋಗ್ಯವಾಗಿರುತ್ತದೆ, ಕಾಗದ ಮಾತ್ರ ಹೊರಬರುವುದಿಲ್ಲ. ಪ್ರತಿ ಪ್ರಿಂಟರಿಗೂ ಈಗಿರುವ ವಿಳಾಸವನ್ನೇ ಹೊಸ ಸರ್ವರ್‌ನಲ್ಲಿ ಕಾಯ್ದಿಡಿ.

ಕಳ್ಳ ಸರ್ವರ್ ಇದೆಯೇ?

ಸಂಜೆ ಎಲ್ಲರೂ ಹೋದ ಮೇಲೆ ಐದು ನಿಮಿಷ ಹಳೆಯ ಡಿಎಚ್‌ಸಿಪಿ ಸೇವೆಯನ್ನು ನಿಲ್ಲಿಸಿ, ಒಂದು ಲ್ಯಾಪ್‌ಟಾಪಿನಲ್ಲಿ ‘ಐಪಿಕಾನ್ಫಿಗ್ /ರಿಲೀಸ್’, ಆಮೇಲೆ ‘ಐಪಿಕಾನ್ಫಿಗ್ /ರಿನ್ಯೂ’ ಕೊಡಿ. 169.254ರಿಂದ ಶುರುವಾಗುವ ವಿಳಾಸ ಬಂದರೆ ಒಳ್ಳೆಯದು. ಯಾರೂ ಉತ್ತರ ಕೊಡಲಿಲ್ಲವೆಂದು ವಿಂಡೋಸ್ ತಾನೇ ಹಾಕಿಕೊಂಡ ವಿಳಾಸ ಅದು. ಸರಿಯಾದ ವಿಳಾಸವೇ ಬಂದುಬಿಟ್ಟರೆ ಇನ್ನೊಬ್ಬ ಒಡೆಯ ಇದ್ದಾನೆ ಎಂದರ್ಥ. ‘ಐಪಿಕಾನ್ಫಿಗ್ /ಆಲ್’ ಕೊಟ್ಟು ಡಿಎಚ್‌ಸಿಪಿ ಸರ್ವರ್ ಎಂಬ ಸಾಲಿನಲ್ಲಿ ಅವನ ವಿಳಾಸ ಓದಿ, ಎಆರ್‌ಪಿ ಪಟ್ಟಿಯಲ್ಲಿ ಮ್ಯಾಕ್ ನೋಡಿ, ಸ್ವಿಚ್ಚಿನ ಮ್ಯಾಕ್ ಪಟ್ಟಿಯಲ್ಲಿ ಪೋರ್ಟ್ ಹುಡುಕಿ, ವೈರ್ ಹಿಡಿದು ನಡೆಯಿರಿ. ನಾನು ಹೀಗೆ ನಡೆದು ಕ್ಯಾಂಟೀನ್ ತಲುಪಿದೆ. ಫ್ರಿಜ್ ಮೇಲೆ ಒಂದು ವೈ-ಫೈ ರೂಟರ್. ಕ್ರಿಕೆಟ್ ನೋಡಲು ಯಾರೋ ಮನೆಯಿಂದ ತಂದದ್ದು, ವೈರನ್ನು ಲ್ಯಾನ್ ಪೋರ್ಟಿಗೆ ಚುಚ್ಚಿದ್ದರು.

ಹಳೆಯ ಪೆಟ್ಟಿಗೆಯ ಮರೆತ ಕೆಲಸಗಳು

ಜನ ಹೆಚ್ಚು ಎಡವುವುದು ಇಲ್ಲಿ. ಹತ್ತು ವರ್ಷ ಒಂದೇ ಮೂಲೆಯಲ್ಲಿ ಕುಳಿತ ಯಂತ್ರ ಒಂದೇ ಕೆಲಸ ಮಾಡುತ್ತಿರುವುದಿಲ್ಲ. ಯಾರೋ ಅದಕ್ಕೆ ಹೆಸರಿನಿಂದ ವಿಳಾಸ ಹುಡುಕಿಕೊಡುವ ಡಿಎನ್‌ಎಸ್ ಹಚ್ಚಿರುತ್ತಾರೆ, ಇನ್ಯಾರೋ ಗಡಿಯಾರ ಹೊಂದಿಸುವ ಎನ್‌ಟಿಪಿ. ಡಿಎಚ್‌ಸಿಪಿಯಿಂದ ವಿಳಾಸ ಪಡೆಯುವ ಯಂತ್ರಗಳಿಗೆ ಹೊಸ ಡಿಎನ್‌ಎಸ್ ವಿಳಾಸವನ್ನು ಹೊಸ ಸರ್ವರ್ ತಿಳಿಸುತ್ತದೆ. ಕೈಯಿಂದ ತುಂಬಿದ 34 ಸಾಧನಗಳಿಗೆ ಯಾರು ತಿಳಿಸುತ್ತಾರೆ? ಅವು 192.168.10.2 ಎಂಬ ಹಳೆಯ ಪೆಟ್ಟಿಗೆಯನ್ನೇ ಕೇಳುತ್ತಿರುತ್ತವೆ.

ಹಳೆಯ ಪೆಟ್ಟಿಗೆಯ ಮೇಲೆ ಬಂದುಹೋಗುವ ಸಂದೇಶಗಳನ್ನು ತೋರಿಸುವ ಟಿಸಿಪಿಡಂಪ್ ಓಡಿಸಿ, ಡಿಎನ್‌ಎಸ್‌ನ 53 ಮತ್ತು ಎನ್‌ಟಿಪಿಯ 123ನೇ ಪೋರ್ಟುಗಳಿಗೆ ಯಾರು ಬರುತ್ತಾರೆ ಎಂದು ಒಂದು ಇಡೀ ದಿನ ನೋಡಿ. ನಮ್ಮಲ್ಲಿ ಕ್ಯಾಮೆರಾ ರೆಕಾರ್ಡರ್ ವೇಳೆ ಕೇಳಲು ಬರುತ್ತಿತ್ತು. ಪೆಟ್ಟಿಗೆಯನ್ನು ಸುಮ್ಮನೆ ಕಿತ್ತಿದ್ದರೆ ಕ್ಯಾಮೆರಾಗಳ ಗಡಿಯಾರ ಮೆಲ್ಲಗೆ ಜಾರುತ್ತಿತ್ತು. ಕಳವೋ ಅಪಘಾತವೋ ಆಗಿ ಪೊಲೀಸರು ದೃಶ್ಯ ಕೇಳಿದ ದಿನ ವೇಳೆ ತಾಳೆಯಾಗದೆ ಗೊತ್ತಾಗುತ್ತಿತ್ತು. ಆದ್ದರಿಂದ ಭಾನುವಾರ ಡಿಎಚ್‌ಸಿಪಿ ಸೇವೆಯನ್ನು ಮಾತ್ರ ನಿಲ್ಲಿಸಬೇಕು, ಪೆಟ್ಟಿಗೆಯನ್ನಲ್ಲ. ಉಳಿದ ಕೆಲಸಗಳನ್ನು ಆಮೇಲೆ ಒಂದೊಂದಾಗಿ ಸಾಗಿಸಿ.

ಲೀಸನ್ನು ಎರಡು ಸಲ ಕುಗ್ಗಿಸುವುದು

ಬದಲಾವಣೆಗೆ ಗೊತ್ತು ಮಾಡಿದ ಭಾನುವಾರಕ್ಕೆ ಮುಂಚಿನ ಸೋಮವಾರ ಬೆಳಿಗ್ಗೆ, ಹಳೆಯ ಸರ್ವರ್‌ನಲ್ಲಿ ಲೀಸ್ ಅವಧಿಯನ್ನು 691200ರಿಂದ 86400 ಸೆಕೆಂಡಿಗೆ, ಅಂದರೆ ಒಂದು ದಿನಕ್ಕೆ ಇಳಿಸಿ. ಗರಿಷ್ಠ ಅವಧಿಯ ಸಾಲನ್ನೂ ಇಳಿಸಿ. ಇಲ್ಲದಿದ್ದರೆ ಹೆಚ್ಚು ದಿನ ಕೇಳುವ ಸಾಧನಗಳಿಗೆ ಹೆಚ್ಚೇ ಸಿಗುತ್ತದೆ. ಈ ಸುದ್ದಿ ಸಾಧನಗಳಿಗೆ ಒಮ್ಮೆಗೇ ಮುಟ್ಟುವುದಿಲ್ಲ. ಪ್ರತಿಯೊಂದೂ ತನ್ನ ಹಳೆಯ ಎಂಟು ದಿನದ ಅರ್ಧ ಕಳೆದಾಗ ಬಂದು ಕೇಳುತ್ತದೆ, ಆಗ ಹೊಸ ಅವಧಿ ಪಡೆಯುತ್ತದೆ. ಚಾಲೂ ಇರುವ ಎಲ್ಲ ಯಂತ್ರಗಳೂ ಶುಕ್ರವಾರದೊಳಗೆ ಒಂದು ದಿನದ ಲೀಸಿಗೆ ಬಂದಿರುತ್ತವೆ.

ಶನಿವಾರ ಸಂಜೆ 5ಕ್ಕೆ ಎರಡನೇ ಸಲ: 3600 ಸೆಕೆಂಡು, ಒಂದು ಗಂಟೆ. ಒಂದು ದಿನದ ಲೀಸಿನ ಅರ್ಧ 12 ಗಂಟೆ. ಹಾಗಾಗಿ ಭಾನುವಾರ ಬೆಳಗಿನ ಜಾವ 5ರ ಹೊತ್ತಿಗೆ ಎಲ್ಲವೂ ಒಂದು ಗಂಟೆಗೆ ಇಳಿದಿರುತ್ತವೆ.

ಸೋಮವಾರವೇ ಒಂದು ಗಂಟೆಗೆ ಇಳಿಸಿದರೆ ಆಗದೇ ಎಂದು ಕೇಳಬಹುದು. ಆಗುತ್ತದೆ, ಆದರೆ ಆ ವಾರ ಹಳೆಯ ಪೆಟ್ಟಿಗೆ ಸತ್ತರೆ ಒಂದೇ ಗಂಟೆಯಲ್ಲಿ ಕಚೇರಿ ನಿಲ್ಲುತ್ತದೆ. ಎಂಟು ದಿನದ ಲೀಸ್ ಇದ್ದಾಗ ರಿಪೇರಿಗೆ ದಿನಗಟ್ಟಲೆ ಪುರಸತ್ತು ಸಿಗುತ್ತಿತ್ತು. ಕರಕರ ಎನ್ನುವ ಫ್ಯಾನ್ ನಂಬಿ ಅಷ್ಟು ದಿನ ಕೂರುವ ಧೈರ್ಯ ನನಗಿಲ್ಲ.

ಹೊಸ ಸರ್ವರನ್ನು ಮೇಜಿನ ಮೇಲೆ ಸಿದ್ಧಮಾಡುವುದು

ಕಿಯಾ ಇರುವ ಯಂತ್ರವನ್ನು ಕಚೇರಿಯ ನೆಟ್‌ವರ್ಕಿಗೆ ಈಗಲೇ ಚುಚ್ಚಬೇಡಿ. ಐದು ಪೋರ್ಟಿನ ಬಿಡಿ ಸ್ವಿಚ್ ಒಂದು, ಲ್ಯಾಪ್‌ಟಾಪ್ ಒಂದು, ಒಂದು ಹಳೆಯ ಪ್ರಿಂಟರ್. ಇಷ್ಟರಲ್ಲೇ ಪರೀಕ್ಷೆ ಮಾಡಿ. ಸರ್ವರಿಗೆ ಸ್ವಂತ ವಿಳಾಸ ಕೈಯಿಂದ ಕೊಡಬೇಕು, ನಾನು 192.168.10.3 ಕೊಟ್ಟೆ.

ಸಂರಚನೆ ಇರುವುದು ಜೇಸನ್ ರೂಪದ ಒಂದು ಕಡತದಲ್ಲಿ. ಅದರಲ್ಲಿ ನೀವು ಮುಟ್ಟಬೇಕಾದ ಭಾಗಗಳು ಕಡಿಮೆ. ಯಾವ ಇಂಟರ್ಫೇಸ್ ಮೇಲೆ ಕೇಳಬೇಕು ಎಂಬುದು; ‘ವ್ಯಾಲಿಡ್-ಲೈಫ್‌ಟೈಮ್’ ಎಂಬ ಲೀಸ್ ಅವಧಿ, ಇದನ್ನು ಸದ್ಯ 3600 ಇಡಿ; ‘ಸಬ್‌ನೆಟ್4’ ಭಾಗದಲ್ಲಿ ಕಚೇರಿಯ ನೆಟ್‌ವರ್ಕಿನ ವಿಳಾಸ 192.168.10.0/24 ಮತ್ತು ಅದಕ್ಕೊಂದು ಗುರುತಿನ ಸಂಖ್ಯೆ, ‘ಪೂಲ್ಸ್’ನಲ್ಲಿ ಹಂಚುವ ವಿಳಾಸಗಳು, ‘ಆಪ್ಷನ್-ಡೇಟಾ’ದಲ್ಲಿ ಗೇಟ್‌ವೇ (ಹೊರಗಿನ ನೆಟ್‌ವರ್ಕಿಗೆ ಹೋಗುವ ಬಾಗಿಲು), ಡಿಎನ್‌ಎಸ್, ಡೊಮೇನ್ ಹೆಸರು, ‘ರಿಸರ್ವೇಷನ್ಸ್’ನಲ್ಲಿ ಮ್ಯಾಕ್ ಮತ್ತು ಅದಕ್ಕೆ ಕಾಯ್ದಿಟ್ಟ ವಿಳಾಸ. ಜೊತೆಗೆ ‘ಅಥಾರಿಟೇಟಿವ್’ ಎಂಬುದನ್ನು ನಿಜ ಎಂದು ಹಾಕಿ. ಅದು ತಾನಾಗಿ ಸುಳ್ಳು ಎಂದಿರುತ್ತದೆ. ಹಾಗೆಯೇ ಬಿಟ್ಟರೆ, ತನಗೆ ಗೊತ್ತಿಲ್ಲದ ಹಳೆಯ ವಿಳಾಸವನ್ನು ಹೇಳಿಕೊಂಡು ಎದ್ದುಬಂದ ಯಂತ್ರಕ್ಕೆ ಸರ್ವರ್ ಉತ್ತರವನ್ನೇ ಕೊಡದೆ ಸುಮ್ಮನಿರುತ್ತದೆ. ‘ಆ ವಿಳಾಸ ನಡೆಯುವುದಿಲ್ಲ, ಹೊಸದು ತೆಗೆದುಕೋ’ ಎಂದು ಮುಖಕ್ಕೆ ಹೇಳುವ ಸರ್ವರೇ ನಮಗೆ ಬೇಕು.

ಹಳೆಯ ಸಂರಚನೆಯನ್ನು ಕಿಯಾಗೆ ಬದಲಿಸಿಕೊಡುವ ‘ಕೀಮಾ’ ಎಂಬ ಸಾಧನವನ್ನು ಐಎಸ್‌ಸಿಯೇ ಕೊಟ್ಟಿದೆ. ಕಡತ ದೊಡ್ಡದಿದ್ದರೆ ಬಳಸಿ. ಬದಲಿಸಲಾಗದ ಭಾಗವನ್ನು ಅದು ಟಿಪ್ಪಣಿಯಾಗಿ ಬಿಟ್ಟಿರುತ್ತದೆ, ಅವನ್ನು ಓದದೆ ಮುಂದೆ ಹೋಗಬೇಡಿ. 86 ಸಾಧನಕ್ಕೆ ನಾನು ಕೈಯಿಂದಲೇ ಬರೆದೆ. ಹಳೆಯ ಕಡತದಲ್ಲಿ ಕೆಲಸ ಬಿಟ್ಟುಹೋದವರ ಲ್ಯಾಪ್‌ಟಾಪುಗಳ ಸಾಲುಗಳು ಹನ್ನೊಂದು ಇದ್ದವು. ಕೈಯಿಂದ ಬರೆದದ್ದರಿಂದ ಆ ಕಸ ಹಿಂದೆಯೇ ಉಳಿಯಿತು.

ವಿಳಾಸಗಳ ಹಂಚಿಕೆ ಹೀಗೆ ಮಾಡಿದೆ (192.168.10 ಆದ ಮೇಲಿನ ಕೊನೆಯ ಸಂಖ್ಯೆಯನ್ನು ಮಾತ್ರ ಬರೆದಿದ್ದೇನೆ). 1 ಗೇಟ್‌ವೇ, 2ರಿಂದ 9 ಸರ್ವರುಗಳು, 10ರಿಂದ 60 ಕಾಯ್ದಿಟ್ಟ ವಿಳಾಸಗಳು. ಪ್ರಿಂಟರುಗಳೆಲ್ಲ ಮೊದಲಿನಿಂದಲೂ ಈ ಸಾಲಿನೊಳಗೇ ಇದ್ದದ್ದರಿಂದ ಅವನ್ನು ಕದಲಿಸುವ ಪ್ರಮೇಯ ಬರಲಿಲ್ಲ. ಹಳೆಯ ಸರ್ವರ್ 100ರಿಂದ 180ರವರೆಗೆ ಹಂಚುತ್ತಿತ್ತು. ಹೊಸದಕ್ಕೆ ಮೊದಲ ವಾರ 181ರಿಂದ 240 ಮಾತ್ರ ಕೊಟ್ಟೆ. ಹಂಚಬೇಕಾದ ಸಾಧನಗಳು 52, ಇರುವ ವಿಳಾಸ 60. ಬಿಗಿಯೇ, ಆದರೆ ಸಾಕು. ಹಳೆಯ ಸಾಲಿನ ವಿಳಾಸವನ್ನು ಹಿಡಿದುಕೊಂಡೇ ಕುಳಿತ ಹಟಮಾರಿ ಸಾಧನ ಯಾವುದಾದರೂ ಇದ್ದರೆ ಅದೇ ವಿಳಾಸ ಇನ್ನೊಬ್ಬರಿಗೆ ಹೋಗುವುದಿಲ್ಲ. ವಿಳಾಸ ನೋಡಿದ ಕೂಡಲೇ ಇದು ಹೊಸ ಸರ್ವರ್ ಕೊಟ್ಟದ್ದೋ ಹಳೆಯದರ ಉಳಿಕೆಯೋ ಎಂದು ಗೊತ್ತಾಗುವುದು ಇನ್ನೊಂದು ಲಾಭ. ಕಿಯಾ ಕೊಡುವ ಮುನ್ನ ತಾನಾಗಿ ಪಿಂಗ್ ಮಾಡಿ ನೋಡುವುದಿಲ್ಲ ಎಂಬುದನ್ನು ವೇಬ್ರಿಜ್ ಕಥೆ ಓದಿದವರು ನೆನಪಿಡಿ.

ಮೊಬೈಲ್‌ಗಳಿಗೆ ವಿಳಾಸ ಕಾಯ್ದಿಡಲು ಹೋಗಬೇಡಿ. ಆಂಡ್ರಾಯ್ಡ್ 10 ಮತ್ತು ಐಒಎಸ್ 14ರಿಂದೀಚೆಗೆ ಫೋನುಗಳು ವೈ-ಫೈಗೆ ತಮ್ಮ ನಿಜವಾದ ಮ್ಯಾಕ್ ಬದಲು ಕಲ್ಪಿತ ಮ್ಯಾಕ್ ತೋರಿಸುತ್ತವೆ.

ಕಡತ ಬರೆದ ಮೇಲೆ ‘ಕಿಯಾ-ಡಿಎಚ್‌ಸಿಪಿ4’ ಆದೇಶಕ್ಕೆ ‘ಟಿ’ ಆಯ್ಕೆ ಕೊಟ್ಟು ಪರೀಕ್ಷಿಸಿ. ಒಂದು ಅಲ್ಪವಿರಾಮ ಬಿಟ್ಟಿದ್ದರೂ ಸಾಲಿನ ಸಂಖ್ಯೆ ಸಮೇತ ಹೇಳುತ್ತದೆ. ಆಮೇಲೆ ಮೇಜಿನ ಮೇಲಿನ ಲ್ಯಾಪ್‌ಟಾಪಿಗೆ ವಿಳಾಸ ಪಡೆದು, ಗೇಟ್‌ವೇ, ಡಿಎನ್‌ಎಸ್, ಲೀಸಿನ ಕೊನೆ, ಮೂರನ್ನೂ ಓದಿ. ಲ್ಯಾಪ್‌ಟಾಪಿನ ಮ್ಯಾಕ್ ಅನ್ನು ಕಾಯ್ದಿಟ್ಟ ಪಟ್ಟಿಗೆ ಹಾಕಿ ಮತ್ತೊಮ್ಮೆ ಪಡೆದು ನೋಡಿ. ಸರ್ವರಿನ ಪ್ಲಗ್ ಕಿತ್ತು ಮತ್ತೆ ಹಚ್ಚಿ, ತಾನಾಗಿ ಎದ್ದು ಕೆಲಸ ಶುರು ಮಾಡುತ್ತದೆಯೇ ನೋಡಿ. ಆಷಾಢದ ಗಾಳಿಮಳೆಯಲ್ಲಿ ಬೆಳಗಾವಿಯ ಯಾವ ಸರ್ವರೂ ಈ ಪರೀಕ್ಷೆಯಿಂದ ತಪ್ಪಿಸಿಕೊಳ್ಳುವುದಿಲ್ಲ, ನಿಮ್ಮ ಕಣ್ಣೆದುರೇ ಮೊದಲು ಆಗಲಿ.

ಸ್ವಿಚ್ಚುಗಳ ಒಪ್ಪಿಗೆ

ನಿರ್ವಹಣೆ ಮಾಡಬಹುದಾದ ಸ್ವಿಚ್ಚುಗಳಲ್ಲಿ ಡಿಎಚ್‌ಸಿಪಿ ಸ್ನೂಪಿಂಗ್ ಎಂಬ ಕಾವಲು ಇರುತ್ತದೆ. ನಂಬಿಕೆಯ ಪೋರ್ಟ್ ಎಂದು ಗುರುತಿಸಿದ ಕಡೆಯಿಂದ ಬಂದ ಉತ್ತರಗಳನ್ನು ಮಾತ್ರ ಅದು ಬಿಡುತ್ತದೆ. ಹೊಸ ಸರ್ವರ್ ಬೇರೆ ಪೋರ್ಟಿನಲ್ಲಿದ್ದರೆ ಆ ಪೋರ್ಟನ್ನು ನಂಬಿಕೆಯದು ಎಂದು ಗುರುತಿಸಿ. ಮರೆತರೆ ಸರ್ವರಿನ ಲಾಗ್‌ನಲ್ಲಿ ವಿಳಾಸ ಕೊಟ್ಟೆ ಕೊಟ್ಟೆ ಎಂದು ಬರುತ್ತಲೇ ಇರುತ್ತದೆ, ಕಂಪ್ಯೂಟರಿಗೆ ಮುಟ್ಟುವುದೇ ಇಲ್ಲ.

ಕ್ಯಾಮೆರಾಗಳಿಗೆ ಅಥವಾ ಶೆಡ್ಡಿಗೆ ಬೇರೆ ವಿಲ್ಯಾನ್ (ಅದೇ ಸ್ವಿಚ್ಚುಗಳ ಮೇಲೆ ಬೇರ್ಪಡಿಸಿದ ನೆಟ್‌ವರ್ಕ್) ಇದ್ದರೆ ಅಲ್ಲಿನ ಕೂಗು ತಾನಾಗಿ ಸರ್ವರ್‌ಗೆ ತಲುಪುವುದಿಲ್ಲ; ಲೇಯರ್ 3 ಸ್ವಿಚ್ಚಿನ ರಿಲೇ ಅದನ್ನು ಒಯ್ದು ಮುಟ್ಟಿಸುತ್ತದೆ. ರಿಲೇಯಲ್ಲಿ ಸರ್ವರಿನ ವಿಳಾಸ ಬರೆದಿರುತ್ತದೆ, ಅಲ್ಲಿ ಹೊಸದನ್ನು ಸೇರಿಸಬೇಕು. ಆ ವಿಲ್ಯಾನ್‌ನ ಸಬ್‌ನೆಟ್ ಕಿಯಾ ಕಡತದಲ್ಲೂ ಇರಬೇಕು. ಹಳೆಯ ವಿಳಾಸವನ್ನು ರಿಲೇಯಿಂದ ತೆಗೆಯುವ ಕೆಲಸ ವಾರ ಕಳೆದ ಮೇಲೆ.

ಭಾನುವಾರ ಬೆಳಿಗ್ಗೆ ಏಳಕ್ಕೆ

ಹಿಂದಿನ ದಿನವೇ ಪಾಳಿಯ ಮೇಲ್ವಿಚಾರಕರಿಗೆ, ಅಕೌಂಟ್ಸ್‌ನವರಿಗೆ, ಗೇಟಿನವರಿಗೆ ಬಾಯಿಂದ ತಿಳಿಸಿ. ಮೇಲ್ ಯಾರೂ ಓದುವುದಿಲ್ಲ. ನಮ್ಮ ಅಕೌಂಟ್ಸ್‌ನ ಹಿರಿಯ ಮೇಡಂ ಕೇಳಿದ್ದು ಒಂದೇ ಪ್ರಶ್ನೆ: ‘ಸೋಮವಾರ ಸಂಬಳದ ಫೈಲ್ ಬ್ಯಾಂಕಿಗೆ ಹೋಗುತ್ತದೆ ತಾನೇ?’ ಆ ಪ್ರಶ್ನೆ ಕೇಳಿ ನಾನು ಅವರ ಕಂಪ್ಯೂಟರ್, ಪ್ರಿಂಟರ್ ಎರಡನ್ನೂ ಪರೀಕ್ಷೆಯ ಪಟ್ಟಿಯ ಮೊದಲಿಗೆ ಬರೆದುಕೊಂಡೆ.

ಕೆಲಸದ ಕ್ರಮ ಇಷ್ಟೇ. ಹಳೆಯ ಸರ್ವರಿನ ಸಂರಚನೆ ಮತ್ತು ಲೀಸ್ ಕಡತಗಳ ಪ್ರತಿ ತೆಗೆದು ಪೆನ್ ಡ್ರೈವ್‌ಗೆ ಹಾಕಿಕೊಳ್ಳಿ. ಹಳೆಯ ಡಿಎಚ್‌ಸಿಪಿ ಸೇವೆಯನ್ನು ನಿಲ್ಲಿಸಿ. ಯಂತ್ರ ಮತ್ತೆ ಚಾಲೂ ಆದಾಗ ಅದು ಎದ್ದು ಕೂರದಂತೆ ನಿಷ್ಕ್ರಿಯವೂ ಮಾಡಿ. ಈ ಎರಡನೆಯದನ್ನು ಬಿಟ್ಟವರು, ಕರೆಂಟ್ ಹೋಗಿ ಬಂದ ಕೂಡಲೇ ಇಬ್ಬರು ಒಡೆಯರ ಜಗಳ ನೋಡುತ್ತಾರೆ. ಹೊಸ ಸರ್ವರ್ ವೈರನ್ನು ಸ್ವಿಚ್ಚಿಗೆ ಚುಚ್ಚಿ, ಕಿಯಾ ಶುರು ಮಾಡಿ, ಲಾಗ್ ತೆರೆದಿಟ್ಟು ಕುಳಿತುಕೊಳ್ಳಿ.

ಮೊದಲ ಅರ್ಧ ಗಂಟೆ ಹೆಚ್ಚೇನೂ ನಡೆಯುವುದಿಲ್ಲ. ಎದೆ ಹೊಡೆದುಕೊಳ್ಳುತ್ತದೆ, ಆದರೂ ಕೈ ಆಡಿಸಬೇಡಿ. ಒಂದು ಗಂಟೆಯ ಲೀಸ್ ಇರುವ ಯಂತ್ರ ಅರ್ಧ ಗಂಟೆಗೆ ಹಳೆಯ ಒಡೆಯನನ್ನು ಕೇಳುತ್ತದೆ, ಉತ್ತರ ಸಿಗದೆ 52 ನಿಮಿಷ 30 ಸೆಕೆಂಡಿಗೆ ಎಲ್ಲರನ್ನೂ ಕೇಳುತ್ತದೆ. ನಾನು ಗೇಟಿನ ಆಚೆ ಗಾಡಿಯಲ್ಲಿ ಚಹಾ ಕುಡಿದು ಬಂದೆ. 7:20ರ ಸುಮಾರಿಗೆ ಮೊದಲ ಸಾಲು ಬಂತು, ಶೆಡ್ಡಿನ ಒಂದು ಪಿಸಿ, 181 ಕೊಟ್ಟಿತು. ಆಮೇಲೆ ಸಾಲು ಸಾಲಾಗಿ. 8:05ಕ್ಕೆ ವಹಿ ತೆರೆದು ಟಿಕ್ ಹಾಕಿದರೆ, ಆ ಹೊತ್ತಿಗೆ ಚಾಲೂ ಇದ್ದವುಗಳಲ್ಲಿ ಎರಡು ಬಿಟ್ಟು ಎಲ್ಲವೂ ಬಂದಿದ್ದವು. ಒಂದು ಲೇಬಲ್ ಪ್ರಿಂಟರ್, ಆಫ್ ಮಾಡಿ ಆನ್ ಮಾಡಿದರೆ ಸರಿಹೋಯಿತು. ಇನ್ನೊಂದು ಹಾಜರಿ ಯಂತ್ರ. ವಹಿಯಲ್ಲಿ ನಾನೇ ಮ್ಯಾಕ್‌ನ ಒಂದು ಅಂಕಿ ತಪ್ಪಾಗಿ ಬರೆದಿದ್ದೆ, 8ರ ಜಾಗದಲ್ಲಿ ಬಿ ಅಕ್ಷರ.

ಪರೀಕ್ಷೆ ಎಂದರೆ ವಿಳಾಸ ಬಂತೇ ಎಂದು ನೋಡುವುದಲ್ಲ. ಟ್ಯಾಲಿ ತೆರೆಯಿರಿ, ಪ್ರತಿ ಪ್ರಿಂಟರಿನಿಂದ ಒಂದು ಹಾಳೆ ತೆಗೆಯಿರಿ, ಹಾಜರಿ ಯಂತ್ರದಲ್ಲಿ ಬೆರಳು ಒತ್ತಿ ಕಚೇರಿಯ ಕಂಪ್ಯೂಟರಿನಲ್ಲಿ ನಮೂದು ಬಂತೇ ನೋಡಿ, ವೇಬ್ರಿಜ್ ಮೇಲೆ ನಿಮ್ಮ ಬೈಕನ್ನಾದರೂ ನಿಲ್ಲಿಸಿ ಚೀಟಿ ತೆಗೆಯಿರಿ.

ಕೈಕೊಟ್ಟರೆ ಹಿಂದಿರುಗುವ ದಾರಿ ಚಿಕ್ಕದು: ಕಿಯಾ ನಿಲ್ಲಿಸಿ, ಹಳೆಯ ಸೇವೆ ಶುರು ಮಾಡಿ. ಲೀಸ್ ಒಂದೇ ಗಂಟೆಯದಾದ್ದರಿಂದ ಒಂದು ಗಂಟೆಯಲ್ಲಿ ಎಲ್ಲ ಮೊದಲಿನಂತಾಗುತ್ತದೆ. ಆದರೆ ಎಷ್ಟು ಹೊತ್ತಿನವರೆಗೆ ಪ್ರಯತ್ನಿಸಿ ಹಿಂದಿರುಗಬೇಕು ಎಂಬುದನ್ನು ಶನಿವಾರವೇ ಬರೆದಿಡಿ. ನನ್ನದು ಮಧ್ಯಾಹ್ನ 1 ಗಂಟೆ. ತಪ್ಪು ಹುಡುಕುವ ಹಟದಲ್ಲಿ ಕುಳಿತವರಿಗೆ ಗಡಿಯಾರ ಕಾಣುವುದಿಲ್ಲ.

ನಿಮ್ಮದು ವಿಂಡೋಸ್ ಸರ್ವರ್ ಆಗಿದ್ದರೆ

ಅಲ್ಲಿ ಕೆಲಸ ಇನ್ನೂ ಹಗುರ. ಪವರ್‌ಶೆಲ್‌ನ ‘ಎಕ್ಸ್‌ಪೋರ್ಟ್-ಡಿಎಚ್‌ಸಿಪಿಸರ್ವರ್’ ಆದೇಶದಿಂದ ಸ್ಕೋಪುಗಳು (ಹಂಚುವ ವಿಳಾಸದ ಸಾಲುಗಳು), ಕಾಯ್ದಿಟ್ಟ ವಿಳಾಸಗಳು, ಬೇಕೆಂದರೆ ಲೀಸುಗಳೂ ಒಂದು ಕಡತಕ್ಕೆ ಬರುತ್ತವೆ. ಹೊಸ ಸರ್ವರ್‌ನಲ್ಲಿ ‘ಇಂಪೋರ್ಟ್-ಡಿಎಚ್‌ಸಿಪಿಸರ್ವರ್’. ಲೀಸುಗಳೇ ಸಾಗಿ ಬರುವುದರಿಂದ ವಿಳಾಸದ ಸಾಲನ್ನು ಬದಲಿಸುವ ಕಸರತ್ತು ಬೇಡ. ಮರೆಯುವುದು ಒಂದನ್ನೇ: ಡೊಮೇನ್‌ಗೆ ಸೇರಿದ ಹೊಸ ಸರ್ವರ್‌ಗೆ ಆಕ್ಟಿವ್ ಡೈರೆಕ್ಟರಿಯಲ್ಲಿ ಅಧಿಕಾರ ಕೊಡುವುದನ್ನು. ಕೊಡದಿದ್ದರೆ ಅದು ಯಾರಿಗೂ ವಿಳಾಸ ಹಂಚುವುದಿಲ್ಲ.

ಮುಂದಿನ ಎರಡು ವಾರ

ಸೋಮವಾರ ಬೆಳಿಗ್ಗೆ ಎಂಟೂವರೆಗೆ ಅಲ್ಲಿರಿ. ಮನೆಗೆ ಹೋದ ಲ್ಯಾಪ್‌ಟಾಪುಗಳು ಮರಳುವುದು ಆಗ. ಯಾರಾದರೂ ‘ನೆಟ್ ಇಲ್ಲ’ ಎಂದರೆ ಮೊದಲು ವಿಳಾಸ ಕೇಳಿ. 181ರ ಮೇಲಿದ್ದರೆ ಡಿಎಚ್‌ಸಿಪಿ ತನ್ನ ಕೆಲಸ ಮಾಡಿದೆ, ಬೇರೆ ಕಡೆ ಹುಡುಕಿ. 100ರಿಂದ 180ರ ನಡುವೆ ಇದ್ದರೆ ಹಳೆಯದನ್ನು ಹಿಡಿದುಕೊಂಡಿದೆ, ಅಥವಾ ಯಾರೋ ಕೈಯಿಂದ ತುಂಬಿದ್ದಾರೆ. 169.254 ಆದರೆ ವೈರ್, ಸ್ವಿಚ್ ಪೋರ್ಟ್, ಸ್ನೂಪಿಂಗ್, ಈ ಕ್ರಮದಲ್ಲಿ ನೋಡಿ. ಎರಡು ವರ್ಚುವಲ್ ಲಿನಕ್ಸ್ ಯಂತ್ರಗಳು ಒಂದೇ ವಿಳಾಸಕ್ಕೆ ಜಗಳವಾಡುತ್ತಿದ್ದರೆ ಒಂದು ಇನ್ನೊಂದರ ನಕಲು ಎಂದು ತಿಳಿಯಿರಿ. ನಕಲಿನಲ್ಲಿ ಮಷಿನ್-ಐಡಿ ಕಡತವನ್ನು ಹೊಸದಾಗಿ ಹುಟ್ಟಿಸಬೇಕು, ಹಲವು ಲಿನಕ್ಸ್‌ಗಳು ಮ್ಯಾಕ್ ಬದಲು ಅದರಿಂದ ಬಂದ ಗುರುತನ್ನೇ ಸರ್ವರ್‌ಗೆ ಹೇಳುತ್ತವೆ.

ಮಂಗಳವಾರ ಎಲ್ಲ ಶಾಂತವಾಗಿದ್ದರೆ ಲೀಸನ್ನು ಒಂದು ದಿನಕ್ಕೆ ಏರಿಸಿ. ಮರುವಾರ ವಿಳಾಸಗಳ ಸಾಲನ್ನು 100ರಿಂದ 240ಕ್ಕೆ ಹಿಗ್ಗಿಸಿ, ಲೀಸನ್ನು ಮತ್ತೆ 8 ದಿನ ಮಾಡಿ. ಕೈಯಿಂದ ತುಂಬಿದ ಸಾಧನಗಳಲ್ಲಿ ಯಾವುದಾದರೂ ಈ ಸಾಲಿನೊಳಗೆ ಬಂದರೆ ಹಿಗ್ಗಿಸುವ ಮುನ್ನ ಅದನ್ನು 10ರಿಂದ 60ರೊಳಗೆ ಕಾಯ್ದಿಟ್ಟ ವಿಳಾಸಕ್ಕೆ ಸರಿಸಿ; ಉದ್ಯಮಬಾಗದಲ್ಲಿ ಅಂಥವು ಏಳು ಇದ್ದವು, ಎರಡು ಸಂಜೆ ಹಿಡಿಯಿತು.

ಡಿಎನ್‌ಎಸ್, ಎನ್‌ಟಿಪಿ ಎರಡನ್ನೂ ಸಾಗಿಸಿದ ಮೇಲೆ ಹಳೆಯ ಪೆಟ್ಟಿಗೆಯಲ್ಲಿ ಟಿಸಿಪಿಡಂಪ್ ಮತ್ತೆ ಎರಡು ದಿನ ಓಡಲಿ. ಯಾರೂ ಅದರ ಬಾಗಿಲು ತಟ್ಟಲಿಲ್ಲ ಎಂದಾದರೆ ಮೊದಲು ನೆಟ್‌ವರ್ಕ್ ವೈರ್ ಕಿತ್ತು ಒಂದು ವಾರ ಬಿಡಿ, ಆಮೇಲೆ ಕರೆಂಟ್ ತೆಗೆಯಿರಿ. ವಹಿಯ ಒಂದು ಪ್ರತಿಯನ್ನು ಹೊಸ ಸರ್ವರಿನ ಪಕ್ಕದ ಗೋಡೆಗೆ ಪ್ಲಾಸ್ಟಿಕ್ ಹಾಳೆಯಲ್ಲಿ ಹಾಕಿ ತೂಗುಹಾಕಿದೆ. ಹಳೆಯದರ ಮೇಲಿದ್ದ ‘ಬಂದ್ ಮಾಡಬೇಡಿ’ ಚೀಟಿಯನ್ನು ಇಲ್ಲಿನ ಗೇಟಿನ ಕಾಕಾ ತಾವೇ ಕಿತ್ತು ತಂದು ಹೊಸದರ ಮೇಲೆ ಅಂಟಿಸಿದರು.